ಪಾರಿವಾಳದ ಗಾಳಿ

ಆ ದಿನಗಳಲ್ಲಿ ಕೋಲಾರ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ಗಡಿಯಾರ ಇದ್ದವರು ಕಡಿಮೆ. ಗಣಿಯ ಸೈರನ್, ನಮ್ಮ ಬಾಯಲ್ಲಿ ಸಂಗು, ಕೂಗಿದರೆ ಹೊತ್ತು ಗೊತ್ತಾಗುತ್ತಿತ್ತು. ಅರವತ್ತರ ದಶಕದ ಶುರುವಿನ ಒಂದು ಡಿಸೆಂಬರ್ ಶನಿವಾರ, ಮಧ್ಯಾಹ್ನ ಎರಡು ಗಂಟೆಯ ಸಂಗು ಕೂಗಿದಾಗ ನಾನು ಪಕ್ಕದ ಮನೆಯ ತಮಿಳು ಅಜ್ಜಿ ಕುಪ್ಪು ಪಾಟಿಯ ಜಗಲಿಯಲ್ಲಿ ಒಬ್ಬಳೇ ಹುಣಸೆ ಬೀಜ ಉಜ್ಜುತ್ತಾ ಕೂತಿದ್ದೆ. ಆ ಸದ್ದಿಗೆ ನಮ್ಮ ಪಾರಿವಾಳಗಳು ಯಾವಾಗಲೂ ಬೆಚ್ಚಿ ಪಟಪಟನೆ ರೆಕ್ಕೆ ಬಡಿಯುತ್ತಿದ್ದವು. ಅಂದು ಒಂದೂ ಬಡಿಯಲಿಲ್ಲ. ಯಾಕೆಂದು ನೋಡಲು ಎದ್ದೆ.

ಪಾರಿವಾಳಗಳು ನಮ್ಮ ಮನೆಗೆ ಬಂದದ್ದು ಅಪ್ಪನ ಎದೆಗಾಗಿ. ಅಪ್ಪ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ. ಕಲ್ಲಿನ ದೂಳು ಎದೆಗೆ ಇಳಿದು ಕೆಮ್ಮು ಹತ್ತಿ, ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನು ಕೆಳಗಿಳಿಯಬೇಡ ಎಂದು ಡಾಕ್ಟರು ಮನೆಯಲ್ಲಿ ಕೂರಿಸಿದ್ದರು. ಬಂಗಾರಪೇಟೆಯಲ್ಲಿದ್ದ ನಮ್ಮ ಸೋದರಮಾವ ಒಂದು ದಿನ ಬಿದಿರು ಬುಟ್ಟಿಯಲ್ಲಿ ಎರಡು ಜೋಡಿ ಪಾರಿವಾಳ ಹಿಡಿದು ರೈಲಿನಲ್ಲಿ ಬಂದ.

"ಬಾವ, ಇವುನ್ನ ಮನೆ ಒಳ್ಗೇ ಇಟ್ಕಳ್ಳಿ. ರೆಕ್ಕೆ ಬಡಿದ ಗಾಳಿ ಎದೆಗೆ ಬೋ ಒಳ್ಳೇದು. ಬಂಗಾರಪೇಟೆನಾಗೆ ಎಲ್ರೂ ಅಂಗೇ ಅಂತಾರೆ."

"ಅಂಗಾರೆ ಬಂಗಾರಪೇಟೆನಾಗೆ ಒಬ್ರೂ ಕೆಮ್ಮಲ್ಲ ಅನ್ನು," ಎಂದಳು ಅಮ್ಮ. ಆದರೂ ಬುಟ್ಟಿಯನ್ನು ಅವಳೇ ಒಳಗೆ ತೆಗೆದುಕೊಂಡು ಹೋದಳು.

ಅಪ್ಪನಿಗೆ ಹಕ್ಕಿ ಸಾಕುವುದು ಏನೂ ಗೊತ್ತಿರಲಿಲ್ಲ. ಹಗಲು ಹೊತ್ತು ಮನೆಯಲ್ಲಿ ಕೂತೇ ಗೊತ್ತಿಲ್ಲದವನು ಈಗ ಇಡೀ ದಿನ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂರತೊಡಗಿದ. ಹಳೆಯ ಮರದ ಪೆಟ್ಟಿಗೆಗಳನ್ನು ಗೋಡೆಗೆ ಹೊಡೆದು ಗೂಡು ಮಾಡಿದ. ಮೆತ್ತಗಿರಲಿ ಎಂದು ಇಬ್ಬನಿಯಲ್ಲಿ ನೆನೆದ ಹುಲ್ಲು ಹಾಸಿದ. ಮೊದಲ ಸಲ ಇಟ್ಟ ಎರಡು ಮೊಟ್ಟೆ ತಣ್ಣಗಾಗಿ ಕೆಟ್ಟವು. ಅವನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, "ಒಳಗೆ ಏನೂ ಇಲ್ಲ ಕಣೇ ಲಚ್ಚಿ" ಎಂದು ನನ್ನ ಕೈಗೆ ಕೊಟ್ಟಿದ್ದ. ಮನೆ ತುಂಬ ರಾಗಿ ಹೊಟ್ಟು, ಹಿಕ್ಕೆ, ಪುಕ್ಕದ ಹಸಿ ವಾಸನೆ. ಅಪ್ಪನ ಕೆಮ್ಮು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಆದರೆ ಅವನು ನಗುತ್ತಿದ್ದ, ಹಾಗಾಗಿ ಯಾರೂ ಏನೂ ಅನ್ನಲಿಲ್ಲ.

ಮಾರಿಕುಪ್ಪಂನಲ್ಲಿ ಪಾರಿವಾಳ ಹಾರಿಸುತ್ತಿದ್ದವನೊಬ್ಬ ನೋಡಲು ಬಂದು, "ಚಳಿನಾಗೆ ಮರಿ ಮಾಡಿಸ್ಬ್ಯಾಡಣ್ಣ. ಗಂಡು ಹೆಣ್ಣು ಬ್ಯಾರೆ ಇಡು. ಬಿಸ್ಲು ಬರ್ಲಿ," ಎಂದಿದ್ದ.

"ಬಿಸ್ಲು ಬರೋಗಂಟ ನಾನಿರಬೇಕಲ್ಲಪ್ಪ," ಎಂದು ಅಪ್ಪ ನಕ್ಕ. ಅಮ್ಮ ಎದ್ದು ಹಿತ್ತಲಿಗೆ ಹೋದಳು.

ಎರಡನೆಯ ಸಲದ ಮೊಟ್ಟೆಗಳು ಒಡೆದವು. ಕಣ್ಣು ಮುಚ್ಚಿದ, ಹಳದಿ ನೂಲಿನಂಥ ಕೂದಲಿನ ಎರಡು ಮರಿ. ನನ್ನ ನಾಲ್ಕು ವರ್ಷದ ತಮ್ಮ ಸೀನ ಬಗ್ಗಿ ನೋಡಿ, "ಅಪ್ಪ ಮೋಸ, ಇದು ಹಲ್ಲಿ" ಎಂದ. ಅಪ್ಪ ನಗುತ್ತಾ ಕೆಮ್ಮುತ್ತಾ ಗೋಡೆ ಹಿಡಿದುಕೊಂಡ. ಆ ವಾರವೇ ಬೆಕ್ಕು ತಾಯಿಹಕ್ಕಿಯನ್ನು ಎತ್ತಿಕೊಂಡು ಹೋಯಿತು. ಗಂಡು ಹಗಲಲ್ಲಿ ಒಂದಿಷ್ಟು ಹೊತ್ತು ಕಾವು ಕೊಟ್ಟು ಎದ್ದು ಹೋಗುತ್ತಿತ್ತು. ಅಷ್ಟರಲ್ಲಿ ಮದರಾಸಿನ ಕಡೆ ಚಂಡಮಾರುತವೆಂದು ಇಲ್ಲಿ ಜಿನುಗು ಮಳೆ, ಮೂಳೆ ಕೊರೆಯುವ ಶೀತಗಾಳಿ. ಮರಿಗಳು ತಣ್ಣಗಾಗತೊಡಗಿದವು.

ಆ ಶನಿವಾರ ಅಪ್ಪ ಕುಂಪಟಿಗೆ ಇದ್ದಿಲು ಹಾಕಿ ಕೆಂಡ ಮಾಡಿ ಗೂಡಿನ ಕೆಳಗಿಟ್ಟ. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದ. ಬಾಗಿಲ ಕೆಳಗಿನ ಸಂದಿಗೂ ಒಂದು ಚೀಲ. ಹೆಂಚಿನ ಕೆಳಗೆ ಮೊದಲೇ ತಗಡು ಹೊಡೆದಿತ್ತು. ಗಣಿಯೊಳಗೆ ಇವನು "ಗಾಳಿ ಸರಿ ಇಲ್ಲ" ಎಂದರೆ ಜೊತೆಯವರು ಮುಂದೆ ಹೆಜ್ಜೆ ಇಡುತ್ತಿರಲಿಲ್ಲವಂತೆ. ಆದರೆ ಅದು ಕೆಳಗಿನ ಮಾತು, ಸಿಡಿಮದ್ದಿನ ಮಾತು. ಮನೆಯಲ್ಲಿ ಬೆಂಕಿ ಎಂದರೆ ಬಿಸಿ, ಅಷ್ಟೆ. ಸೀನನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪ ಬಾಗಿಲು ಹಾಕಿಕೊಂಡ. ಅಮ್ಮ ಸೌದೆ ಡಿಪೋಗೆ ಹೋಗಿದ್ದಳು.

ಜಗಲಿಯಿಂದ ಎದ್ದು ಬಂದು ನಾನು ಬಾಗಿಲು ತಳ್ಳಿದಾಗ ಒಳಗೆ ಹಿತವಾಗಿತ್ತು. ಹೊಗೆ ಇಲ್ಲ, ನಾತವಿಲ್ಲ, ಬೆಚ್ಚಗೆ. ಅಪ್ಪ ಗೋಡೆಗೆ ಒರಗಿದ್ದ, ಸೀನ ಅವನ ಎದೆಗೆ ತಲೆ ಇಟ್ಟು ಮಲಗಿದ್ದ, ಇಬ್ಬರ ಕೆನ್ನೆಯೂ ಕೆಂಪಗಿತ್ತು. ಪಾರಿವಾಳಗಳು ನೆಲದ ಮೇಲೆ ರೆಕ್ಕೆ ಹರಡಿ ಬಿದ್ದಿದ್ದವು. ಅಪ್ಪನ ಕಣ್ಣು ಅರ್ಧ ತೆರೆಯಿತು.

"ಗಾಳಿ," ಎಂದ. "ಲಚ್ಚೀ... ಗಾಳಿ..."

ನಾನು ಕಿರುಚಿದೆ. ಕುಪ್ಪು ಪಾಟಿ ಓಡಿ ಬಂದಳು. ಎದುರು ಮನೆಯ ಹೆಂಗಸರಿಬ್ಬರು ಬಂದರು. "ಏನಂದ್ನೇ ನಿಮ್ಮಪ್ಪ?" ಎಂದರು. "ಗಾಳಿ ಅಂದ" ಎಂದೆ. ಪಾಟಿ ನನ್ನ ರಟ್ಟೆ ಹಿಡಿದು ಹೊರಗೆಳೆದು, ಬಾಗಿಲು ಮುಚ್ಚಿ ಚಿಲಕ ಹಾಕಿಬಿಟ್ಟಳು.

"ಐಯೋ, ಕಾತ್ತು ಅಡಿಚಿರುಚ್ಚು! ಗಾಳಿ ಹೊಡ್ದೈತೆ! ಶಾಫ್ಟ್‌ನಾಗೆ ಸತ್ತೋರ ಗಾಳಿ! ಬಾಗ್ಲು ತೆಗೀಬೇಡಿ, ಮಕ್ಳ ಮೇಲೆ ಬರುತ್ತೆ!"

ನಮ್ಮಲ್ಲಿ ಗಾಳಿ ಎಂದರೆ ದೆವ್ವವೂ ಹೌದು. ಕನ್ನಡದವರಿಗೂ ಹೌದು, ತಮಿಳಿನವರಿಗೂ ಹೌದು. ಎದುರು ಮನೆಯವಳು, "ಸೋಕು ಕಣಕ್ಕ, ಮುಖ ಕೆಂಪಗಾಗೈತೆ ನೋಡ್ಲಿಲ್ವಾ?" ಎಂದಳು. ಪಾಟಿ ಸಾಂಬ್ರಾಣಿ, ಒಣಮೆಣಸಿನಕಾಯಿ ತರಲು ಓಡಿದಳು. ಯಾರೂ ಕೆಟ್ಟವರಲ್ಲ. ಅಪ್ಪನನ್ನೂ ಸೀನನನ್ನೂ ಉಳಿಸಲೆಂದೇ ಅವರು ಬಾಗಿಲು ಹಾಕಿ ಅದರ ಮುಂದೆ ಕೈ ಹಿಡಿದು ನಿಂತಿದ್ದರು. ಒಳಗೆ ಕೆಂಡ ಉರಿಯುತ್ತಿತ್ತು.

ಎಷ್ಟು ಹೊತ್ತು ಎಂದು ನನಗೆ ಇವತ್ತಿಗೂ ಹೇಳಲಾಗದು. ತಲೆಯ ಮೇಲೆ ಸೌದೆ ಹೊರೆ ಹೊತ್ತು ಅಮ್ಮ ಬಂದಳು. ಎಲ್ಲರೂ ಒಟ್ಟಿಗೆ ಮಾತಾಡಿದರು. ಅಮ್ಮ ನನ್ನ ಮುಖ ಮಾತ್ರ ನೋಡಿದಳು.

"ಅವ್ರು ಬಾಯಾರ ಏನಂದ್ರು? ಸರ್ಯಾಗಿ ಯೋಳು."

"ಗಾಳಿ ಅಂದ್ರು."

"ಒಳಗೆ ಏನೈತೆ?"

"ಕುಂಪಟಿ."

ಹೊರೆ ನೆಲಕ್ಕೆ ಬಿತ್ತು. "ಆ ಗಾಳಿ ಅಲ್ಲ ಕಣ್ರೇ! ಗಣಿ ಗಾಳಿ! ಉಸ್ರಾಡೋ ಗಾಳಿ!" ಎಂದು ಅಮ್ಮ ಹೆಂಗಸರನ್ನು ತಳ್ಳಿ ಚಿಲಕ ತೆಗೆದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳನುಗ್ಗಿ, ಮೊದಲು ಸೀನನನ್ನು ಹೊರಗೆ ಎಸೆದಳೆಂದೇ ಹೇಳಬೇಕು, ಆಮೇಲೆ ಅಪ್ಪನನ್ನು ಕಂಕುಳಿಗೆ ಕೈ ಹಾಕಿ ಎಳೆದಳು. ಇಬ್ಬರನ್ನೂ ಅಂಗಳದಲ್ಲಿ ಮಳೆಗೆ ಮಲಗಿಸಿದೆವು. ಸೀನ ವಾಂತಿ ಮಾಡಿಕೊಂಡು ಅತ್ತ. ಅಪ್ಪನಿಗೆ ಕಣ್ಣು ಬಿಡಲು ಬಹಳ ಹೊತ್ತು ಹಿಡಿಯಿತು. ಪಾಟಿ ಉರಿಯುವ ಸಾಂಬ್ರಾಣಿ ಚಟ್ಟಿ ಹಿಡಿದು ಬಂದವಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮಳೆಯಲ್ಲಿ ನಿಂತೇ ಇದ್ದಳು.

ಹಕ್ಕಿ, ಮರಿ ಒಂದೂ ಉಳಿಯಲಿಲ್ಲ. ಗಣಿಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಅಪ್ಪ, ಸೀನ ಮನೆಗೆ ಬಂದರು. ಆದರೆ ನಮಗ್ಯಾರಿಗೂ ನಿದ್ದೆ ಬರಲಿಲ್ಲ. ಆ ಚಳಿಯಲ್ಲಿ ಬಾಗಿಲು, ಕಿಟಕಿ ತೆರೆದೇ ಮಲಗುತ್ತಿದ್ದೆವು. ಅಮ್ಮ ರಾತ್ರಿಯೆಲ್ಲ ಎದ್ದೆದ್ದು ನಮ್ಮ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಕತ್ತಲಲ್ಲಿ ಅಪ್ಪನ ದನಿ ಕೇಳುತ್ತಿತ್ತು: "ಬದುಕಿವ್ನಿ ಕಣೇ, ಮಲಕ್ಕೊ." ಅಮ್ಮ, "ಸುಮ್ಕಿರಿ" ಎನ್ನುತ್ತಿದ್ದಳು.

ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಒಂದು ಅನಿಲದ ಹೆಸರು ಹೇಳಿ, ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಬರೆಸಿದಾಗ ನಾನು ಕ್ಲಾಸಿನಿಂದ ಎದ್ದು ಹೋಗಿ ಮರದ ಕೆಳಗೆ ಕೂತೆ. ಹೆಸರು ಗೊತ್ತಾದ ಮೇಲೂ ಆ ಚಿಲಕದ ಸದ್ದು ಹೋಗಿಲ್ಲ. ಅಪ್ಪ ಆಮೇಲೆ ಕೆಲವೇ ವರ್ಷ ಇದ್ದ. ಅವನನ್ನು ಕೊನೆಗೆ ತೆಗೆದುಕೊಂಡು ಹೋದದ್ದು ಎದೆಯ ದೂಳೇ. ಈಗ ಆ ಸಾಲಿನಲ್ಲಿ ಹೆಂಚು ಉದುರಿದ ಗೋಡೆಗಳಿವೆ. ಹುಡುಗಿಯೊಬ್ಬಳು ಕಿರುಚಿದರೆ ತಪ್ಪಾಗಿಯಾದರೂ ಓಡಿ ಬರುವ ನೆರೆಯಿಲ್ಲ. ನಾನಿರುವ ಬೀದಿಯಲ್ಲೂ ಇಲ್ಲ.

ನಾವು ಮತ್ತೆ ನಿದ್ದೆ ಮಾಡಿದ್ದು ಶಿವರಾತ್ರಿಯ ದಿನ. ಲೈನಿನವರೆಲ್ಲ ಜಾಗರಣೆಗೆ ಬೀದಿಯಲ್ಲಿ ಚಾಪೆ ಹಾಸಿ ಭಜನೆಗೆ ಕೂತಿದ್ದರು. ಕುಪ್ಪು ಪಾಟಿ ಮಾತ್ರ ತನ್ನ ಚಾಪೆ ತಂದು ನಮ್ಮ ಹೊಸ್ತಿಲಿಗೆ ಹಾಸಿಕೊಂಡಳು. "ಇವತ್ತು ಎಂಗೂ ನಾನು ಎದ್ದೇ ಇರೋಳು," ಎಂದು ಅಮ್ಮನಿಗೆ ಹೇಳಿದಳು. "ನೀ ಪಡು ಮಗಳೇ, ಮಲಕ್ಕೊ."

ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಮನೆಯೊಳಗೆ ಬಂದಿತ್ತು. ಅಪ್ಪ, ಸೀನ ಗೊರಕೆ ಹೊಡೆಯುತ್ತಿದ್ದರು. ಅಮ್ಮ ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಅವಳು ಮಲಗಿದ್ದನ್ನು ನಾನು ನೋಡಿ ತಿಂಗಳುಗಳೇ ಆಗಿದ್ದವು. ಅಷ್ಟು ಅಲ್ಲಾಡದೆ ಮಲಗಿದ್ದಾಳೆಂದು ಗಾಬರಿಯಾಗಿ ನಾನು ಕೈ ಚಾಚಿದೆ.

ಹೊಸ್ತಿಲಿನಿಂದ ಪಾಟಿ ಪಿಸುಗುಟ್ಟಿದಳು: "ಎಬ್ಬಿಸ್ಬೇಡ, ನನ್ ಕಣ್ಣು. ಅವಳ್ದೂ ನೋಡ್ದೆ. ಬರ್ತಾ ಐತೆ ಉಸ್ರು."