ಹರಡಿ ಬರೆದ ಮೂರಕ್ಷರ

ನಕ್ಷೆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗೆರೆಯಕ್ಕ ಅಂತಲೇ. ಮೂವತ್ತೊಂದು ವರ್ಷ ಅದೇ ಕಿಟಕಿ ಪಕ್ಕದ ಓರೆ ಮೇಜು, ಅದೇ ಮಸಿ ಬಾಟ್ಲಿ. ಕನ್ನಡಕದ ಗಾಜು ಮಾತ್ರ ದಪ್ಪವಾಗುತ್ತಾ ಬಂದಿತ್ತು. ಅಳತೆಯವರು ತಂದುಕೊಟ್ಟದ್ದನ್ನು ನೋಡಿ ಮೂಲನಕ್ಷೆಯ ಹಾಳೆಯ ಮೇಲೆ ಗೆರೆ ಎಳೆಯುವುದು, ಹೆಸರು ಬರೆಯುವುದು ಅವಳ ಕೆಲಸ. ಅವಳ ಗೆರೆಗೆ ಕೊಂಕು ಹೇಳುವ ಗಂಡು ಆ ಕಚೇರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಾಯಿಗೆ ಹೇಳುತ್ತಿದ್ದರು ಬಿಡಿ, ಬಾಯಿ ಸ್ವಲ್ಪ ಜೋರೇ.

ನಿವೃತ್ತಿಗೆ ಇನ್ನೆರಡು ವಾರ ಅನ್ನುವಾಗ ಕೊನೆಯ ಹಾಳೆ ಮೇಜಿಗೆ ಬಂತು. ಊರಿನ ಪೂರ್ವಕ್ಕಿರುವ ಬಯಲಿನದು. ಮೇಲಧಿಕಾರಿ ಹೇಳಿದ್ದು ಇಷ್ಟೇ: "ನಡುವೆ 'ಖಾಲಿ ಜಾಗ' ಅಂತ ಬರೆದು ಸಹಿ ಹಾಕಿ ಮೇಡಂ. ಐದು ನಿಮಿಷದ ಕೆಲಸ."

ಗೆರೆಯಕ್ಕನ ಮೈ ಉರಿಯಿತು. ಆ ಎರಡು ಪದದ ಮಹಿಮೆ ಅವಳಿಗೆ ಗೊತ್ತಿಲ್ಲದ್ದೇ? ನಕ್ಷೆಯಲ್ಲಿ ಖಾಲಿ ಅಂತ ಕಂಡರೆ ಸಾಕು, ತುಂಬುವವರು ಓಡಿ ಬರುತ್ತಾರೆ. ಹನ್ನೆರಡು ವರ್ಷದ ಹಿಂದೆ ಪಶ್ಚಿಮದ ಜೌಗು ನೆಲಕ್ಕೂ ಇದೇ ಕೈಯಲ್ಲಿ, ಯೋಚನೆ ಮಾಡದೆ, ಹಾಗೆ ಬರೆದಿದ್ದಳು. ಈಗ ಅಲ್ಲಿ ಗೋದಾಮುಗಳ ಸಾಲು. ಮಳೆ ಬಂದರೆ ನೀರಿಗೆ ನಿಲ್ಲಲು ಜಾಗವಿಲ್ಲ, ಕೆಳಗಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ. ಆ ತಪ್ಪು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಅದು ಖಾಲಿ ಇಲ್ಲ ಸಾರ್."

"ಮನೆ ಇದೆಯಾ? ಬಾವಿ ಇದೆಯಾ? ಹೋಗಲಿ, ಒಂದು ಮರ?"

"ಇಲ್ಲ."

"ಮತ್ತೇನಿದೆ?"

"ಬಯಲಿದೆ."

ಅಧಿಕಾರಿ ನಕ್ಕ. "ಏನೂ ಇಲ್ಲದ್ದಕ್ಕೇ ತಾನೆ ಬಯಲು ಅನ್ನೋದು? ನಾಳೆ ಸಂಜೆಯೊಳಗೆ ಬರೆದು ಕೊಡದಿದ್ರೆ ನಿಮ್ಮ ಕಡತದಲ್ಲಿ ಕಪ್ಪುಚುಕ್ಕೆ ಇಟ್ಟೇ ಮನೆಗೆ ಕಳಿಸ್ತೀನಿ."

ಮನೆಗೆ ಹೋಗುವಾಗ ಅವಳು ಬಯಲಿನ ನಡುವೆ ನಿಂತಳು. ಕಾಲಬುಡದಿಂದ ಹಕ್ಕಿಯೊಂದು ಪುರ್ರನೆ ಎದ್ದಿತು. ಮೋಡದ ನೆರಳು ಹುಲ್ಲಿನ ಮೇಲೆ ಇಡಿಯಾಗಿ ಹಾದುಹೋಯಿತು. ಊರೊಳಗೆ ಅದೇ ನೆರಳು ಗೋಡೆ, ಮಾಡು, ತಂತಿಗಳ ಮೇಲೆ ಚೂರುಚೂರಾಗಿ ಬೀಳುತ್ತದೆ. ಅದಕ್ಕೂ ಒಂದು ಆಕಾರ ಇದೆ ಅಂತ ಗೊತ್ತಾಗುವುದು ಇಲ್ಲಿ ಮಾತ್ರ. ಇದಕ್ಕೆ ಖಾಲಿ ಅನ್ನಬೇಕಂತೆ!

ಗಂಡ ದರ್ಜಿ. ವಿಷಯ ಕೇಳಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಅಂದ: "ಅಂಗಿ ಹೊಲಿಯುವಾಗ ಮೈಗೂ ಬಟ್ಟೆಗೂ ನಡುವೆ ಸಡಿಲ ಬಿಡ್ತೀನಲ್ಲೇ, ಅದೇನು ಬಟ್ಟೆ ದಂಡ ಮಾಡಿದ್ದಾ? ಉಸಿರಾಡೋದು ಬೇಡ್ವಾ?"

"ಕಪ್ಪುಚುಕ್ಕೆ ಇಡ್ತಾರಂತೆ ರೀ."

"ಇಡಲಿ ಬಿಡು. ದೃಷ್ಟಿ ಆಗಲ್ಲ."

ಮರುದಿನ ಗೆರೆಯಕ್ಕ ಲೇಖನಿಗೆ ಮಸಿ ತುಂಬಿದಳು. ನಕ್ಷೆ ಬರೆಯುವವರಲ್ಲಿ ಒಂದು ಪದ್ಧತಿಯಿದೆ. ಬಾವಿ, ಮನೆಯಂಥ ಸಣ್ಣದರ ಹೆಸರನ್ನು ಅದರ ಪಕ್ಕ ಒತ್ತಾಗಿ ಬರೆಯುತ್ತಾರೆ. ಕೆರೆ, ಕಾಡು, ಬೆಟ್ಟದಂಥ ಹಬ್ಬಿದ್ದಕ್ಕಾದರೆ ಅಕ್ಷರಗಳನ್ನು ಬಿಡಿಸಿ, ಈ ಅಂಚಿನಿಂದ ಆ ಅಂಚಿನವರೆಗೆ ಹರಡಿ ಬರೆಯುತ್ತಾರೆ. ಎಲ್ಲಿಂದ ಎಲ್ಲಿಗೆ ಹೆಸರೋ, ಅಲ್ಲಿಂದ ಅಲ್ಲಿಗೆ ಆ ಜಾಗ. ಅವಳು ಹಾಳೆಯ ಎಡ ತುದಿಗೆ 'ಬ' ಬರೆದಳು. ನಟ್ಟನಡುವೆ 'ಯ'. ಬಲ ತುದಿಗೆ 'ಲು'. ಕೆಳಗೆ ಸಹಿ. ಆ ಮಸಿ ತೊಳೆದರೆ ಹೋಗುವಂಥದ್ದಲ್ಲ. ಬ್ಲೇಡಿನಿಂದ ಕೆರೆದರೆ ಹಾಳೆ ತೂತಾಗುತ್ತದೆ. ತೂತಾದ ಮೂಲನಕ್ಷೆಗೆ ಮುದ್ರೆ ಬೀಳುವುದಿಲ್ಲ, ಅಳತೆಯನ್ನೆಲ್ಲ ಮೊದಲಿಂದ ಮಾಡಬೇಕು.

ಅಧಿಕಾರಿ ನೋಡಿದ. ಬ್ಲೇಡು ಕೈಗೆ ತೆಗೆದುಕೊಂಡ. ಒಂದಷ್ಟು ಹೊತ್ತು ಹಿಡಿದುಕೊಂಡು, ಕೆಳಗಿಟ್ಟ.

"ಆಯ್ತು ಮಾರಾಯ್ತಿ. ಅಕ್ಷರಗಳ ನಡುವೆ ಇಷ್ಟೊಂದು ಜಾಗ ಬಿಟ್ಟಿದ್ದೀರಲ್ಲ, ಅಲ್ಲಾದ್ರೂ 'ಖಾಲಿ' ಅಂತ ಬರೀರಿ."

ಗೆರೆಯಕ್ಕ ಮಸಿ ಬಾಟ್ಲಿಯ ಮುಚ್ಚಳ ತಿರುಗಿಸಿದಳು. "ಅದು ಬಿಟ್ಟ ಜಾಗ ಅಲ್ಲ ಸಾರ್. ಅದೂ ಹೆಸರಿನದೇ. ಅದನ್ನ ತುಂಬಿಬಿಟ್ರೆ ಬಯಲು ಅಂತ ಓದೋಕೇ ಆಗಲ್ಲ."

ಹಾಳೆಗೆ ಮುದ್ರೆ ಬಿತ್ತು. ಅವಳ ಕಡತಕ್ಕೆ ಕಪ್ಪುಚುಕ್ಕೆಯೂ ಬಿತ್ತು, ಅದೇ ದಿನ. ಸಂಜೆ ಅವಳು ಬಯಲಿನ ನಡುವಿನಿಂದಲೇ ಮನೆಗೆ ಹೋದಳು.