ರಿಮೋಟ್ ಅಕ್ಕ ಮತ್ತು ಬಾಯಿ ಮುಚ್ಚದ ಬಟನ್ನು

ಆ ಐದಂತಸ್ತಿನ ಕಟ್ಟಡದಲ್ಲಿ ಮನೆಯ ಗಂಟೆ ಕೈಕೊಟ್ಟರೆ, ಕಾರಿನ ಕೀ ಮುನಿಸಿಕೊಂಡರೆ, ಎಲ್ಲರೂ ಓಡುವುದು ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಗೆ. ಅಲ್ಲಿ ಕೂತವಳೇ ರಿಮೋಟ್ ಅಕ್ಕ. ಮದುವೆಯಾಗಿ ಬಂದಾಗ ಅವಳಿಗೆ ಸ್ಕ್ರೂಡ್ರೈವರ್ ಹಿಡಿಯಲೂ ಬರುತ್ತಿರಲಿಲ್ಲ. ರೇಡಿಯೊ ರಿಪೇರಿಯ ಮಾವ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಈಗ ಅವರ ಕೈ ನಡುಗುತ್ತದೆ, ಅಂಗಡಿ ಸೊಸೆಯದು. ಬಾಯಿ ಮಾತ್ರ ಇಬ್ಬರದೂ ಸಮಸಮ, ಅಬ್ಬಬ್ಬಾ!

ಆ ದಿನ ಸಂಜೆ ಕಟ್ಟಡದ ಸಂಘದ ಸಭೆ. ಗೇಟು, ಗಂಟೆಗಳ ಉಸ್ತುವಾರಿ ಅಕ್ಕನಿಗೋ ಹೊರಗಿನ ಕಂಪನಿಗೋ ಎಂದು ತೀರ್ಮಾನವಾಗಬೇಕಿತ್ತು. ಆ ಕೆಲಸದ ಮೇಲೆ ಅಕ್ಕ ಜೀವವನ್ನೇ ಇಟ್ಟುಕೊಂಡಿದ್ದಳು. ಹಾಳಾದ್ದು, ಅವತ್ತೇ ಬೆಳಗ್ಗೆ ಗೇಟು ರಿಮೋಟಿಗೆ ಜಗ್ಗಲಿಲ್ಲ, ಗಂಟೆಗಳು ಮೂಕಾದವು, ಕಾರುಗಳು ಬಾಗಿಲು ತೆರೆಯಲಿಲ್ಲ. ಇದಕ್ಕೆಲ್ಲ ಕಾರಣ ಪಕ್ಕದ ಮನೆಯ, ಮಗು ಅತ್ತರೆ ಕೂಗುವ ತೊಟ್ಟಿಲ ಅಲಾರಂ ಎಂದು ಎರಡನೇ ಮಹಡಿಯವರು ಹರಿಹಾಯ್ದರು, ಅಲ್ಲ ಇವರ ಕಾರು ಎಂದು ಅವರು.

"ಯಾಕೆ ಕಿತ್ತಾಡ್ತೀರಿ?" ಎಂದಳು ಅಕ್ಕ. "ಈ ರೇಡಿಯೊ ಅಲೆ ಯಾರಪ್ಪನ ಸ್ವತ್ತೂ ಅಲ್ಲ. ಲೈಸೆನ್ಸ್ ಬೇಡ, ಬಾಡಿಗೆ ಇಲ್ಲ. ಗೇಟು, ಗಂಟೆ, ಕಾರು ಎಲ್ಲಾ ಇದ್ರಲ್ಲೇ ಮಾತಾಡೋದು. ಪಟಕ್ಕಂತ ಒಂದು ಮಾತು ಹೇಳಿ ಬಾಯ್ಮುಚ್ಕೋಬೇಕು, ಅಷ್ಟೇ. ಯಾವುದೋ ಒಂದು ಬಿಡದೆ ಕೊರೀತಾ ಇದೆ, ಉಳಿದವರ ಮಾತು ಕೇಳಿಸ್ತಿಲ್ಲ. ಸಿಗ್ಲಿ, ಅದರ ಯಜಮಾನರ ಗ್ರಹಚಾರ ಬಿಡಿಸ್ತೀನಿ!"

ಅಲೆ ಹೆಚ್ಚಾದಷ್ಟೂ ಹೆಚ್ಚು ದೀಪ ಬೆಳಗುವ ಪುಟ್ಟ ಯಂತ್ರ ಹಿಡಿದು ಅವಳು ಮೆಟ್ಟಿಲು ಹತ್ತಿದಳು. ಹಿಂದೆ ಸಂಘದ ಅಧ್ಯಕ್ಷೆ, ಅವರ ಹಿಂದೆ ಅರ್ಧ ಕಟ್ಟಡ. ಮೂರನೇ ಮಹಡಿಯಲ್ಲಿ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿಕೊಂಡವು. ಎದುರಿಗಿದ್ದದ್ದು ಅಕ್ಕನದೇ ಮನೆ.

ಒಳಗೆ ಮಾವ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರ ತೊಡೆಯ ಕೆಳಗೆ, ತನ್ನನ್ನು ಅಂಗಡಿಯಿಂದ ಕರೆಯಲೆಂದು ಅಕ್ಕನೇ ಮಾಡಿಕೊಟ್ಟಿದ್ದ ಬಟನ್ನು ಒತ್ತಿಹಿಡಿದಂತೆ ಸಿಕ್ಕಿಕೊಂಡಿತ್ತು. ಅಂಗಡಿಯಲ್ಲಿನ ಅದರ ಗಂಟೆ, ಬೆಳಗ್ಗೆ ಅವಳು ಅಲ್ಲಿಲ್ಲದಾಗ ಒಮ್ಮೆ ಟಿಣ್ ಎಂದು ಸುಮ್ಮನಾಗಿತ್ತು. ಅಕ್ಕನ ಮುಖ ಹುಳ್ಳಗಾಯಿತು. ಬಟನ್ನನ್ನು ಎಳೆದುಕೊಂಡು ಮುಷ್ಟಿಯಲ್ಲಿ ಅಡಗಿಸಿ, ಏನೋ ಒಂದು ಕತೆ ಕಟ್ಟಬಹುದಿತ್ತು. ಆದರೆ ಅವಳು ಅದನ್ನು ಹೊರಗೆಳೆದು ಅಧ್ಯಕ್ಷೆಯ ಮುಂದೆ ಹಿಡಿದಳು.

"ನಂದೇ ತಪ್ಪು ಮೇಡಂ. ಇಂಥ ಬಟನ್ನು ಒತ್ಕೊಂಡೇ ಇದ್ರೂ ತಾನಾಗೇ ಸುಮ್ಮನಾಗ್ಬೇಕು. ಮಾವನ ಕೈ ನಡುಗುತ್ತಲ್ಲ, ಕರೆ ಅರ್ಧಕ್ಕೆ ನಿಲ್ದೇ ಇರ್ಲಿ ಅಂತ ಹಾಗೆ ಸುಮ್ಮನಾಗಿಸೋ ಭಾಗಾನ ನಾನೇ ಕಿತ್ತುಹಾಕಿದ್ದೆ. ಬೇಕಾದ್ರೆ ಕೆಲಸಾನ ಕಂಪನಿಗೇ ಕೊಟ್ಬಿಡಿ."

ಗದ್ದಲಕ್ಕೆ ಮಾವ ಕಣ್ಣು ಬಿಟ್ಟರು. ಬಾಗಿಲ ತುಂಬ ಜನ! "ಇದೇನಮ್ಮಾ! ನೀನೊಬ್ಬಳು ಬರೋಕೆ ಈ ಬಟನ್ನು ಅಂದಿದ್ದೆ. ಇಡೀ ಕಟ್ಟಡಾನೇ ಬಂದಿದೆಯಲ್ಲೇ! ಭೇಷ್!"

ನಗು ತಡೆಯಲಾರದೆ ಅಧ್ಯಕ್ಷೆ ಗೋಡೆ ಹಿಡಿದರು. ಕಿತ್ತಾಡಿದ್ದವರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು.

"ನಮ್ಮನೇಲಿ ನಾನು ಗಂಟಲು ಹರ್ಕೊಂಡ್ರೂ ಒಂದು ನರಪಿಳ್ಳೆ ಬರಲ್ಲ," ಎಂದರು ಅಧ್ಯಕ್ಷೆ ಕಣ್ಣೊರೆಸಿಕೊಳ್ಳುತ್ತಾ. "ಸಭೆ ಇಲ್ಲೇ ಆಯ್ತು ಅಂದ್ಕೊಳ್ಳಿ. ಯಾರದ್ದಾದ್ರೂ ತಕರಾರಿದೆಯಾ?"

ಎಲ್ಲರೂ ನಗುತ್ತಲೇ ಇಲ್ಲ ಎಂದು ಕೈಯಾಡಿಸಿದರು.

"ಹಾಗಾದ್ರೆ ಕೆಲಸ ನಿಂದೇ ಕಣಮ್ಮಾ. ಮೊದಲು ನಂಗೂ ಇಂಥದ್ದೇ ಒಂದು ಬಟನ್ನು ಮಾಡ್ಕೊಡು."

ಅಕ್ಕ ಖುಷಿಯಿಂದ ಮಾವನ ಕೈ ಹಿಡಿದುಕೊಂಡಳು. "ಮಾಡ್ಕೊಡ್ತೀನಿ ಮೇಡಂ," ಎಂದಳು, "ಆದ್ರೆ ಬಾಯ್ಮುಚ್ಚೋಂಥದ್ದು."