ಅಭ್ಯರ್ಥಿಯ ಪ್ರಶ್ನೆಗಳು

ಥಾಣೆ ಪೂರ್ವದ ನಮ್ಮ ಕನ್ನಡ ಶಾಲೆಯಲ್ಲಿ ಅಣಕು ಸಂದರ್ಶನ ನಡೆದದ್ದು ಸಂಕ್ರಾಂತಿಗೆ ಮೊದಲೆಂದು ಆಡಳಿತ ಸಮಿತಿಯವರು ಈಗಲೂ ವಾದಿಸುತ್ತಾರೆ. ಅದು ಸರಿಯಲ್ಲ. ಅಂದು ತೆಗೆದ ಛಾಯಾಚಿತ್ರದಲ್ಲಿ ಸಂದರ್ಶಕರ ಮೇಜಿನ ಮೇಲೆ ತಿಳಗುಳದ, ಅಂದರೆ ಇಲ್ಲಿನವರ ಸಂಕ್ರಾಂತಿಯ ಎಳ್ಳುಂಡೆಯ, ಅರ್ಧ ಖಾಲಿಯಾದ ಡಬ್ಬಿ ಕಾಣುತ್ತದೆ. ಹಬ್ಬಕ್ಕೆ ಮೊದಲೇ ತಿಳಗುಳ ಹಂಚಿ ತಿನ್ನುವವರು ಈ ಊರಿನಲ್ಲಿಲ್ಲ. ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನವನ್ನು ಕಳೆದ ನನಗೆ, ತಿಥಿಗೂ ವಾರಕ್ಕೂ ಹೊಂದದ ಹೇಳಿಕೆಯನ್ನು ಹಾಗೆಯೇ ಬಿಟ್ಟುಬಿಡಲು ಬರುವುದಿಲ್ಲ. ಸಮಿತಿಯವರಿಗೆ ಆ ದಿನ ಹಿಂದಕ್ಕೆ ಸರಿಯಬೇಕಾಗಿರುವುದಕ್ಕೆ ಕಾರಣವೂ ಇದೆ. ಸಂದರ್ಶನಕ್ಕೆ ಅವರು ಒಪ್ಪಿಗೆ ಕೊಟ್ಟದ್ದು ಸಂಕ್ರಾಂತಿಯ ಮುನ್ನಾದಿನದ ಸಭೆಯಲ್ಲಿ. ಅದಕ್ಕೂ ಮೊದಲೇ ಎಲ್ಲ ಮುಗಿದಿತ್ತೆಂದಾದರೆ, ನಡೆದದ್ದೆಲ್ಲವೂ ನನ್ನೊಬ್ಬನ ಅಧಿಕಪ್ರಸಂಗವಾಗುತ್ತದೆ.

ನಿವೃತ್ತನಾಗಿ ಶಾಲೆಯ ಹತ್ತಿರದ ಕೋಪರಿಯಲ್ಲಿ ನೆಲೆಸಿದ ಮೇಲೆ, ಹನ್ನೆರಡನೆಯ ತರಗತಿಯವರಿಗೆ ಶನಿವಾರಗಳಂದು ವೃತ್ತಿ ಮತ್ತು ಜೀವನ ಕೌಶಲಗಳ ಪಾಠ ಮಾಡಲು ಒಪ್ಪಿಕೊಂಡಿದ್ದೆ. ನನಗಿಂತ ಮೊದಲು ಬರುತ್ತಿದ್ದ ತರಬೇತುದಾರರು ಟೈ ಕಟ್ಟುವುದನ್ನೂ ಕೈಕುಲುಕುವುದನ್ನೂ ಪರದೆಯ ಮೇಲೆ ಚಿತ್ರಗಳಲ್ಲಿ ತೋರಿಸುತ್ತಿದ್ದರು. ನಾನು ಅವೆರಡನ್ನೂ ಬಿಟ್ಟೆ. ನೇಮಕಾತಿ ಪತ್ರವನ್ನು ಓದುವುದು, ಮೊಬೈಲಿಗೆ ಬರುವ ಉದ್ಯೋಗದ ಸಂದೇಶ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು, ಇವು ನನ್ನ ಮೊದಲ ಪಾಠಗಳಾಗಿದ್ದವು. ಆ ಬಳಿಕ, ಕೆಲಸ ಕೊಡುವವರನ್ನು ಅಭ್ಯರ್ಥಿಯು ಕೇಳಬೇಕಾದ ಪ್ರಶ್ನೆಗಳು: ನನ್ನ ಕೆಲಸವೇನು, ಯಾರಿಗೆ ಉತ್ತರ ಹೇಳಬೇಕು, ದಿನದ ಕೆಲಸ ಎಷ್ಟಕ್ಕೆ ಮುಗಿಯುತ್ತದೆ.

ಈ ಕೊನೆಯ ಪಾಠ ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಯಲು ನಮ್ಮವರ ಒಂದು ಪದ್ಧತಿಯನ್ನು ಅರಿಯಬೇಕು. ಕರಾವಳಿಯಿಂದ ಬಂದ ಹೋಟೆಲಿನ ಕುಟುಂಬಗಳಲ್ಲಿ ಕೆಲಸವನ್ನು ಯಾರೂ ತಾವಾಗಿ ಕೇಳುವುದಿಲ್ಲ. ಸೋದರಮಾವ ಧಣಿಯ ಬಳಿಗೆ ಹೋಗಿ ಒಂದು ಮಾತು ಹೇಳುತ್ತಾನೆ; ಧಣಿ ಹೂಂ ಎನ್ನುತ್ತಾರೆ; ಮರುದಿನ ಹುಡುಗ ಕೆಲಸಕ್ಕೆ ಹಾಜರಾಗುತ್ತಾನೆ. ಯಾವ ಕೆಲಸ, ಎಷ್ಟು ಹೊತ್ತು ಎಂದು ಕೇಳಿದರೆ ಮಾವನ ಮುಖಕ್ಕೆ ಮಸಿ ಬಳಿದಂತೆ. ಈ ಪದ್ಧತಿ ಅನೇಕರಿಗೆ ಅನ್ನ ಕೊಟ್ಟಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅನ್ನ ಕೊಟ್ಟದ್ದೆಲ್ಲವೂ ಪ್ರಶ್ನಾತೀತವೆಂಬ ವಾದವನ್ನು ನಾನು ಅಂದೂ ಒಪ್ಪಿರಲಿಲ್ಲ, ಇಂದೂ ಒಪ್ಪುವುದಿಲ್ಲ.

ನನ್ನ ತರಗತಿಯಲ್ಲಿ ವಾಣಿಜ್ಯ ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ತಾಯಿಯೊಡನೆ ಸೋದರಮಾವನ ಮನೆಯಲ್ಲಿ ವಾಸ. ಹಗಲು ದುಡಿದು, ಥಾಣೆಯ ಸಂಜೆ ಕಾಲೇಜಿನಲ್ಲಿ ಪದವಿ ಓದಬೇಕೆಂಬುದು ಅವಳ ಹಟ. ಅವಳ ಮಾವ ಸಮಿತಿಯ ಉಪಾಧ್ಯಕ್ಷರ ಹೋಟೆಲಿನಲ್ಲಿ ಮ್ಯಾನೇಜರು. ಉಪಾಧ್ಯಕ್ಷರು ಥಾಣೆಯಿಂದ ಗಂಟೆಗೂ ಮಿಕ್ಕಿದ ದಾರಿಯ ಕಾಮೋಠೆಯಲ್ಲಿ ಕೇಟರಿಂಗಿನ ಹೊಸ ಕಚೇರಿ ತೆರೆಯುವವರಿದ್ದರು. ಪರೀಕ್ಷೆ ಮುಗಿದ ಕೂಡಲೇ ಹುಡುಗಿಯನ್ನು ಅಲ್ಲಿಗೆ ಕಳುಹಿಸುವುದಾಗಿ ಮಾವ ಮಾತು ಕೊಟ್ಟಾಗಿತ್ತು. ಕಾಮೋಠೆಯಿಂದ ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಥಾಣೆಯ ಸಂಜೆ ತರಗತಿ ಕೈತಪ್ಪಿದಂತೆಯೇ.

ಅಣಕು ಸಂದರ್ಶನಕ್ಕೆ ಸಂದರ್ಶಕರಾಗಿ ಬಂದವರು ಈ ಉಪಾಧ್ಯಕ್ಷರೇ. ಹುಡುಗಿ ಒಳಗೆ ಬಂದಳು. ಅವಳ ಹಿಂದೆಯೇ ಮಾವನೂ ಬಂದ. ಹೊರಗೆ ಕುಳಿತುಕೊಳ್ಳಲು ಹೇಳಿದೆ. ಅವನು ಹೊಸ್ತಿಲವರೆಗೆ ಮಾತ್ರ ಹಿಂದೆ ಸರಿದ.

"ಕಂಪ್ಯೂಟರ್ ಬರ್ತದಾ ಮಗಾ?" ಎಂದು ಉಪಾಧ್ಯಕ್ಷರು ಕೇಳಿದರು.

"ಎಲ್ಲ ಬರ್ತದೆ ಧಣಿ. ಟ್ಯಾಲಿ ಸಹ ಕಲ್ತಿದ್ದಾಳೆ," ಎಂದು ಉತ್ತರ ಬಂದದ್ದು ಹೊಸ್ತಿಲಿನಿಂದ.

"ಇಂಟರ್‌ವ್ಯೂ ನಿಂದಾ ಮಾರಾಯಾ, ಅವಳದ್ದಾ?" ಎಂದು ಉಪಾಧ್ಯಕ್ಷರು ನಕ್ಕರು. "ಆಯ್ತು ಬಿಡು, ಅವಳು ನಮ್ಮ ಮನೆಯವಳೇ. ಏಪ್ರಿಲಿಗೆ ಕಾಮೋಠೆಗೆ ಬರ್ಲಿ."

"ಮಾಮಾ, ಮುಝೆ ಬೋಲ್ನೆ ದೋ ನಾ," ಎಂದು ಹುಡುಗಿ ಮೊದಲು ಮಾವನ ಕಡೆ ತಿರುಗಿ, ತನಗೇ ಮಾತಾಡಲು ಬಿಡುವಂತೆ ಹಿಂದಿಯಲ್ಲಿ ಹೇಳಿದಳು. ಆಮೇಲೆ ಕನ್ನಡಕ್ಕೆ ಬಂದಳು. "ಸರ್, ಕಾಮೋಠೆಯಲ್ಲಿ ಡ್ಯೂಟಿ ಎಷ್ಟು ಗಂಟೆಗೆ ಮುಗೀತದೆ?"

"ಕೆಲ್ಸ ಮುಗಿದಾಗ ಮುಗೀತದೆ. ಮನೆಯವರ ಹಾಗೆ ಇರುದು ಅಲ್ಲಿ."

"ಮನೆಯವರ ಹಾಗೆ ಅಂದ್ರೆ ಎಷ್ಟು ಗಂಟೆಗೆ ಸರ್? ನಂಗೆ ಸಂಜೆ ಕಾಲೇಜು ಉಂಟು. ಟೈಮ್ ಲೆಟರಿನಲ್ಲಿ ಬರೆದು ಕೊಡ್ತೀರಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಮಾವ ಓಡಿಬಂದು ಕೈಮುಗಿದ: "ಗೊತ್ತಾಗುದಿಲ್ಲ ಧಣಿ, ಮಗು." ಉಪಾಧ್ಯಕ್ಷರು ಅವನನ್ನು ನೋಡದೆ ನನ್ನನ್ನು ನೋಡಿದರು. "ಇದನ್ನೆಲ್ಲ ಯಾರು ಕಲಿಸಿದ್ದು ಮಾಸ್ಟ್ರೆ?"

"ನಾನು. ಸಮಿತಿ ಒಪ್ಪಿದ ಪಾಠ," ಎಂದೆ.

ಮುಂದಿನ ವಾರವೇ ಸಮಿತಿಯ ಸಭೆ ಸೇರಿ ಷರತ್ತು ಹಾಕಿತು. ಹುಡುಗಿ ಕ್ಷಮೆ ಕೇಳಿ ಕಾಮೋಠೆಗೆ ಹೋಗಬೇಕು; ನಾನು ಆ ಪಾಠವನ್ನು ಕೈಬಿಡಬೇಕು; ಇಲ್ಲವಾದರೆ ಶನಿವಾರ ಕೊಠಡಿ ಸಿಗುವುದಿಲ್ಲ. ನಾನು ಪ್ರಶ್ನೆಗಳನ್ನು ಓದಿಹೇಳಿ, ಇವುಗಳಲ್ಲಿ ತಪ್ಪಾದದ್ದು ಯಾವುದೆಂದು ತೋರಿಸಿದರೆ ಅದನ್ನು ಈಗಲೇ ತೆಗೆಯುತ್ತೇನೆ ಎಂದೆ. ಕಾರ್ಯದರ್ಶಿ ಮೃದುವಾಗಿ ಹೇಳಿದರು: "ತಪ್ಪು ಅಂತ ಯಾರು ಹೇಳಿದ್ದು ಸರ್? ಕೇಳುವ ಕ್ರಮ ಇಲ್ಲ, ಅಷ್ಟೆ."

"ಹಾಗಾದರೆ ಕ್ರಮ ಇಂದಿನಿಂದ ಶುರುವಾಗಲಿ," ಎಂದು ನಾನು ಎದ್ದುಬಂದೆ.

ಎರಡು ದಿನ ಕಳೆದು ಮಾವ ಹುಡುಗಿಯನ್ನು ಕರೆದುಕೊಂಡು ಮನೆಗೆ ಬಂದ. ಅವನಿಗೆ ನನ್ನ ಮೇಲೆ ಕೋಪವಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಿತ್ತು. "ನೀವು ಪೆನ್ಶನ್ ತಗೊಂಡು ಕೂತವರು ಸರ್. ನಾನು ನಾಳೆ ಅವರ ಅದೇ ಕ್ಯಾಶ್ ಗಲ್ಲದಲ್ಲಿ ಕೂತ್ಕೊಬೇಕು. ಒಂದು ಸಲ ಸಾರಿ ಹೇಳ್ಳಿಕ್ಕೆ ಇವಳಿಗೆ ಎಂತ ಕಷ್ಟ?"

ಅವನ ಮಾತು ಅನ್ಯಾಯದ್ದಾಗಿರಲಿಲ್ಲ. ನಾನು ಉತ್ತರಿಸುವ ಮೊದಲೇ ಹುಡುಗಿ ಹೇಳಿದಳು: "ಹೋಗ್ತೇನೆ ಮಾವ. ಆದ್ರೆ ಒಬ್ಬಳೇ. ನೀವೂ ಬರುದು ಬೇಡ, ಸರ್ ಸಹ ಬೇಡ."

ಅವಳು ಹೋದದ್ದು ಮರುದಿನ ಮಧ್ಯಾಹ್ನ, ಹೋಟೆಲಿನಲ್ಲಿ ಊಟದ ನೂಕುನುಗ್ಗಲು ಇಳಿದ ಮೇಲೆ. ಅವಳ ತಾಯಿಯನ್ನೂ ಬೇರೆಯಾಗಿ ವಿಚಾರಿಸಿದ್ದೇನೆ, ಇಬ್ಬರ ಹೇಳಿಕೆಯೂ ಒಂದೇ. ಹಿಂದಿರುಗುವಾಗ ನನ್ನ ಬಾಗಿಲಲ್ಲಿ ನಿಂತು, ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಅದೇ ಕೇಳಿದೆ ಸರ್. ಟೈಮ್ ಬರ್ದು ಕೊಡ್ಲಿಕ್ಕೆ ಆಗುದಿಲ್ಲ ಅಂದ್ರು. ಹಾಗಾದ್ರೆ ನಂಗೂ ಆಗುದಿಲ್ಲ ಅಂದೆ. ಚಾ ಕೊಟ್ರು, ಕುಡ್ದು ಬಂದೆ."

ಮಾವನ ಕೆಲಸ ಹೋಗಲಿಲ್ಲ. ಅವನು ಮಾತ್ರ ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅವಳಿಗೆ ಥಾಣೆಯದೇ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟ್‌ನ ಒಂದು ಚಿಕ್ಕ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮರಾಠಿ ಒಡತಿ ಅವಳ ಪ್ರಶ್ನೆಯನ್ನು ಕೇಳಿ, ಹುಬ್ಬೇರಿಸಿ, ಹೊತ್ತನ್ನು ಪತ್ರದಲ್ಲಿ ಬರೆದುಕೊಟ್ಟರಂತೆ. ಈಗ ಅವಳು ಸಂಜೆ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ.

ಶಾಲೆಯ ಕೊಠಡಿಗೆ ಶನಿವಾರ ಬೀಗ ಬಿದ್ದಿದೆ. ತರಗತಿ ನಮ್ಮ ವಸತಿ ಸೊಸೈಟಿಯ ಕಚೇರಿಯಲ್ಲಿ ನಡೆಯುತ್ತದೆ. ಮಕ್ಕಳು ಮೊದಲಿಗಿಂತ ಕಡಿಮೆ, ಕುರ್ಚಿಗಳು ಇನ್ನೂ ಕಡಿಮೆ. ಪಾಠಗಳ ಕ್ರಮವನ್ನು ಮಾತ್ರ ಬದಲಿಸಿದ್ದೇನೆ: ಕೊನೆಯಲ್ಲಿ ಬರುತ್ತಿದ್ದ ಆ ಪ್ರಶ್ನೆಗಳನ್ನು ಈ ವರ್ಷ ಮೊದಲ ಶನಿವಾರವೇ ಕಲಿಸಿದೆ.